ಹೊಸ ಹೋಟೆಲಿನ ಮೇಜಿನಲ್ಲಿ ಯಾರಿಲ್ಲ?

ಪಟ್ಟಣದಲ್ಲಿ ಹೊಸ ಹೋಟೆಲೊಂದು ತೆರೆದರೆ ಮೊದಲ ವಾರವೇ ಅಲ್ಲಿ ಉಂಡು ಬರುವುದು ಇಂದು ನಮ್ಮ ಯುವಕರ ನಡುವೆ ಒಂದು ಪದ್ಧತಿಯಾಗಿಯೇ ಬೆಳೆದಿದೆ. ಐದಾರು ಮಂದಿ ಗೆಳೆಯರು ವಾಟ್ಸಪ್‌ನಲ್ಲಿ ದಿನ ಗೊತ್ತುಪಡಿಸುತ್ತಾರೆ. ಇಶಾ ನಮಾಝ್ ಮುಗಿಸಿ ಬೈಕುಗಳಲ್ಲಿ ಹೊರಡುತ್ತಾರೆ. ಮುಂದಿನ ವಾರ ಇನ್ನೊಂದು ಹೋಟೆಲು. ಹಿರಿಯರಲ್ಲಿ ಹಲವರಿಗೆ ಇದು ದುಂದುವೆಚ್ಚವಾಗಿ ಮಾತ್ರ ಕಾಣುತ್ತದೆ. ಮನೆಯಲ್ಲಿ ಅಡುಗೆ ಮಾಡಿಟ್ಟಿರುವಾಗ ಹೊರಗೆ ಉಣ್ಣುವ ಚಟವೇಕೆ ಎಂಬುದು ಅವರ ಪ್ರಶ್ನೆ. ಆ ಪ್ರಶ್ನೆಯಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಗೆಳೆಯರು ಜೊತೆಯಾಗಿ ಕೂತು ಉಣ್ಣುವುದನ್ನು ಬರೇ ನಾಲಿಗೆಯ ಚಾಪಲ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲ. ನಮ್ಮ ಕಳವಳ ಬೇರೆಯೇ ಇದೆ. ಆ ಮೇಜಿನಿಂದ ಕೆಲವರು ಒಬ್ಬೊಬ್ಬರಾಗಿ ಕಾಣೆಯಾಗುತ್ತಿದ್ದಾರೆ.

ಜೊತೆಗೆ ಕೂತು ಉಣ್ಣುವುದು ಈ ದೇಶದಲ್ಲಿ ಎಂದೂ ಸಾಮಾನ್ಯ ಸಂಗತಿಯಾಗಿರಲಿಲ್ಲ. 1917ರಲ್ಲಿ ಕೇರಳದ ಚೆರಾಯಿಯಲ್ಲಿ ಅಯ್ಯಪ್ಪನ್ ಎಂಬ ಈಳವ ಯುವಕ ತನ್ನ ಗೆಳೆಯರನ್ನು ಕೂಡಿಸಿಕೊಂಡು ಪುಲಯರೊಂದಿಗೆ ಒಂದೇ ಪಂಕ್ತಿಯಲ್ಲಿ ಕೂತು ಉಂಡರು. ಅಷ್ಟಕ್ಕೇ ಸ್ವಂತ ಸಮುದಾಯದವರು ಅವರಿಗೆ ಬಹಿಷ್ಕಾರ ಹಾಕಿದರು, ‘ಪುಲಯನ್ ಅಯ್ಯಪ್ಪನ್’ ಎಂದು ಹೀಯಾಳಿಸಿದರು. ಅವರೇ ಮುಂದೆ ಸಹೋದರನ್ ಅಯ್ಯಪ್ಪನ್ ಎಂದು ಪ್ರಸಿದ್ಧರಾದರು. ನಮ್ಮ ಸಂವಿಧಾನವು 15ನೇ ವಿಧಿಯಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳ ಪ್ರವೇಶವನ್ನು ಹೆಸರಿಸಿಯೇ ಹೇಳಿರುವುದು ಸುಮ್ಮನೆ ಅಲ್ಲ. ಜಾತಿ, ಧರ್ಮದ ಕಾರಣಕ್ಕೆ ಹೋಟೆಲಿನ ಬಾಗಿಲಲ್ಲೇ ಮನುಷ್ಯರನ್ನು ತಡೆಯುತ್ತಿದ್ದ ಕಾಲವನ್ನು ಅದನ್ನು ಬರೆದವರು ಸ್ವತಃ ಕಂಡಿದ್ದರು. ಆದ್ದರಿಂದಲೇ ಬೇರೆ ಬೇರೆ ಮನೆಗಳ, ಬೇರೆ ಬೇರೆ ಧರ್ಮಗಳ ನಾಲ್ಕು ಮಂದಿ ಹುಡುಗರು ಒಂದು ಹರಿವಾಣದ ಸುತ್ತ ಕೂತಿರುವುದನ್ನು ಕಂಡಾಗ ನಮಗೆ ಸಂತೋಷವಾಗುತ್ತದೆ.

ಹರಿವಾಣ ಎಂದೆವು. ಕರಾವಳಿಯ ಪಟ್ಟಣಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ತೆರೆದ ಹೊಸ ಹೋಟೆಲುಗಳಲ್ಲಿ ಮಂದಿಯ ಹೋಟೆಲುಗಳಿಗೆ ಲೆಕ್ಕವಿಲ್ಲ. ಯೆಮನಿನ ಹದ್ರಮೌತ್ ಪ್ರದೇಶದ ಅಡುಗೆ ಅದು. ನೆಲದಲ್ಲಿ ತೋಡಿದ ಒಲೆಯಲ್ಲಿ ಅನ್ನದ ಮೇಲೆ ಮಾಂಸವನ್ನಿಟ್ಟು ಬೇಯಿಸುವ ಕ್ರಮ. ನಿಜಾಮರ ಸೇನೆಯಲ್ಲಿದ್ದ ಹದ್ರಮಿಗಳ ವಂಶಸ್ಥರು ವಾಸಿಸುವ ಹೈದರಾಬಾದಿನ ಬಾರ್ಕಸ್ ಬಡಾವಣೆ ಇಂದು ಮಂದಿಗೆ ಹೆಸರುವಾಸಿ. ನಮ್ಮ ಕಡೆಗೆ ಅದು ಗಲ್ಫ್‌ನಲ್ಲಿ ದುಡಿದವರ ನಾಲಿಗೆಯ ಮೂಲಕ ಬಂತು. ಕನ್ನಡದಲ್ಲಿ ಮಂದಿ ಎಂದರೆ ಜನ. ಒಬ್ಬನೇ ಕೂತು ಉಣ್ಣುವ ಊಟವಲ್ಲ ಅದು ಎಂಬುದನ್ನು ನಮ್ಮ ಭಾಷೆ ಮೊದಲೇ ಅರಿತಿತ್ತೋ ಏನೋ!

ಹೀಗಿರುವಾಗ ಕಾಣೆಯಾಗುತ್ತಿರುವವರು ಯಾರು?

ಮೊದಲನೆಯವನು, ಕಿಸೆಯಲ್ಲಿ ಹಣವಿಲ್ಲದ ಗೆಳೆಯ. ಆರು ಮಂದಿ ಉಂಡರು, 2,400 ರೂಪಾಯಿಯ ಊಟ ಎಂದಿಟ್ಟುಕೊಳ್ಳಿ. ಶೇ. 5ರ ಜಿಎಸ್‌ಟಿ ಸೇರಿ 2,520. ತಲಾ 420. ಆರು ಮಂದಿಯಲ್ಲಿ ಒಬ್ಬ ದುಬೈಯಿಂದ ರಜೆಯಲ್ಲಿ ಬಂದವನು. ಇನ್ನೊಬ್ಬನಿಗೆ ತಂದೆಯ ವ್ಯಾಪಾರವಿದೆ. ಮತ್ತೊಬ್ಬ ಬಟ್ಟೆಯಂಗಡಿಯಲ್ಲಿ ದಿನಕ್ಕೆ 500 ರೂಪಾಯಿಗೆ ನಿಂತುಕೊಂಡೇ ದುಡಿಯುವವನು. ತಿಂಗಳಿಗೆ ನಾಲ್ಕು ಬಾರಿ ಹೀಗೆ ಹೋದರೆ 1,680 ರೂಪಾಯಿ. ಮೂರು ದಿನಗಳ ದುಡಿಮೆಗಿಂತಲೂ ಹೆಚ್ಚು. ಅದೇ ಮೊತ್ತ ಮೊದಲನೆಯವನಿಗೆ ಲೆಕ್ಕಕ್ಕೇ ಬಾರದು. ಬಿಲ್ಲನ್ನು ಸಮನಾಗಿ ಹಂಚಿದೆವು ಎಂದು ಎಲ್ಲರೂ ಸಮಾಧಾನಪಡುತ್ತಾರೆ. ಆದರೆ ಅಸಮಾನರ ನಡುವೆ ಸಮನಾಗಿ ಹಂಚುವುದು ನ್ಯಾಯವೇ? ಅದೂ ಮೂವರು ಜ್ಯೂಸು, ಐಸ್‌ಕ್ರೀಮು ಎಂದು ತರಿಸಿಕೊಂಡು, ಆತ ಬರೇ ನೀರು ಕುಡಿದಿದ್ದರೆ?

ಆತ ಹಣವಿಲ್ಲವೆಂದು ಬಾಯಿಬಿಟ್ಟು ಹೇಳುವುದಿಲ್ಲ. ಮನೆಗೆ ನೆಂಟರು ಬಂದಿದ್ದಾರೆ ಎನ್ನುತ್ತಾನೆ. ಹೊಟ್ಟೆ ಸರಿಯಿಲ್ಲ ಎನ್ನುತ್ತಾನೆ. ಮೂರನೆಯ ಬಾರಿ ಗೆಳೆಯರು ಆತನನ್ನು ಕರೆಯುವುದಿಲ್ಲ. ಅವನಿಗೆ ಇಂಥದ್ದರಲ್ಲಿ ಆಸಕ್ತಿಯಿಲ್ಲ ಬಿಡು ಎಂಬ ತೀರ್ಮಾನವಾಗುತ್ತದೆ. ಮದ್ರಸದಲ್ಲಿ ಒಂದೇ ಚಾಪೆಯಲ್ಲಿ ಕೂತವರು, ಒಂದೇ ಮೈದಾನದಲ್ಲಿ ಆಡಿ ಬೆಳೆದವರು ಹೀಗೆ ಯಾವ ಜಗಳವೂ ಇಲ್ಲದೆ ಬೇರೆಯಾಗುತ್ತಾರೆ. ಜಗಳವಾಗಿದ್ದರೆ ಮಸೀದಿಯ ಹಿರಿಯರು ಕೂತು ರಾಜಿ ಮಾಡಿಸಬಹುದಿತ್ತು. ಇದಕ್ಕೆ ಯಾರು ರಾಜಿ ಮಾಡಿಸುವುದು?

ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯದ 61ನೇ ವಚನವು ಬಂಧುಗಳ, ಗೆಳೆಯರ ಮನೆಗಳಲ್ಲಿ ಒಟ್ಟಾಗಿಯೂ ಪ್ರತ್ಯೇಕವಾಗಿಯೂ ಉಣ್ಣುವುದಕ್ಕೆ ಅನುಮತಿ ನೀಡುತ್ತದೆ. ಆದರೆ ಆ ವಚನ ಆರಂಭವಾಗುವುದು ಬಂಧುಗಳಿಂದಲೂ ಗೆಳೆಯರಿಂದಲೂ ಅಲ್ಲ. ದೃಷ್ಟಿ ಇಲ್ಲದವರು, ಕಾಲಿನ ಬಲ ಇಲ್ಲದವರು, ರೋಗಿಗಳು ಎಂದು ಊಟದ ಸಾಲಿನಿಂದ ಸುಲಭವಾಗಿ ಹೊರಗುಳಿಯುವವರನ್ನೇ ಅದು ಮೊದಲು ಹೆಸರಿಸುತ್ತದೆ. ಈ ಕ್ರಮವನ್ನು ನಾವು ಎಷ್ಟು ಮಂದಿ ಗಮನಿಸಿದ್ದೇವೆ?

ಪರಿಹಾರ ಕಷ್ಟದ್ದೇನಲ್ಲ. ಉಂಡಷ್ಟಕ್ಕೆ ಕೊಡುವುದು ಒಂದು ಕ್ರಮ. ಇದ್ದವನು ಮಂದಿಯ ಸರದಿಯನ್ನೂ, ಇಲ್ಲದವನು ಚಹಾದ ಸರದಿಯನ್ನೂ ವಹಿಸಿಕೊಳ್ಳುವುದು ಇನ್ನೊಂದು. ಎಲ್ಲಕ್ಕಿಂತ ಸರಳವಾದುದು, ಆಯ್ಕೆಯ ಹಕ್ಕನ್ನು ಸರದಿಯಂತೆ ಎಲ್ಲರಿಗೂ ಕೊಡುವುದು. ಬಟ್ಟೆಯಂಗಡಿಯ ಹುಡುಗನ ಸರದಿ ಬಂದಾಗ ಆತ ಪರೋಟ, ಸುಕ್ಕ ಸಿಗುವ ಸಣ್ಣ ಹೋಟೆಲಿಗೆ ಕರೆದೊಯ್ಯಲಿ. ಹೊಸ ಹೋಟೆಲೆಂದರೆ ಹವಾನಿಯಂತ್ರಿತ ಹೋಟೆಲೇ ಆಗಬೇಕೆಂದು ಯಾರು ಹೇಳಿದರು? ಬಸ್ಸು ನಿಲ್ದಾಣದ ಹಿಂದೆ ಗಂಡ ಹೆಂಡತಿ ಸೇರಿ ಕಳೆದ ತಿಂಗಳಷ್ಟೇ ತೆರೆದ ನಾಲ್ಕು ಬೆಂಚಿನ ಹೋಟೆಲೂ ಹೊಸತೇ.

ಬಿಲ್ಲಿನ ಮಾತು ಬಂದುದರಿಂದ ಇನ್ನೂ ಒಂದು ವಿಷಯ. ಕೆಲವು ಹೊಸ ಹೋಟೆಲುಗಳು ಸೇವಾ ಶುಲ್ಕವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುತ್ತವೆ. ಹಾಗೆ ಕಡ್ಡಾಯವಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿತ್ತು. 2025ರ ಮಾರ್ಚ್‌ನಲ್ಲಿ ದಿಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಹಣವನ್ನು ತಟ್ಟೆ ಎತ್ತುವ ಹುಡುಗನ ಕೈಗೇ ಕೊಡುವುದು ಮೇಲು. ಊರು ಬಿಟ್ಟು ಬಂದ ಆ ಹುಡುಗನ ಹೆಸರನ್ನಾದರೂ ನಮ್ಮಲ್ಲಿ ಎಷ್ಟು ಮಂದಿ ಕೇಳುತ್ತೇವೆ?

ಎರಡನೆಯವನು, ನಮ್ಮ ಧರ್ಮದವನಲ್ಲದ ಗೆಳೆಯ. ಈತ ಕಾಣೆಯಾಗಲು ಹೊರಗಿನ ಕಾರಣಗಳಿವೆ. 2022ರ ಯುಗಾದಿಯ ಹೊತ್ತಿಗೆ, ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬಾರದೆಂದು ಕೆಲವು ಸಂಘಟನೆಗಳು ಈ ರಾಜ್ಯದಲ್ಲಿ ಅಭಿಯಾನವನ್ನೇ ನಡೆಸಿದವು. 2024ರ ಜುಲೈಯಲ್ಲಿ ಉತ್ತರಪ್ರದೇಶದ ಕಾಂವಡ್ ಯಾತ್ರೆಯ ಹಾದಿಯ ಹೋಟೆಲುಗಳು ಮಾಲಕರ ಹೆಸರನ್ನು ಬರೆದು ತೂಗುಹಾಕಬೇಕೆಂಬ ಆದೇಶ ಹೊರಟಿತು. ಜುಲೈ 22ರಂದು ಸುಪ್ರೀಮ್ ಕೋರ್ಟ್ ಅದಕ್ಕೆ ಮಧ್ಯಂತರ ತಡೆ ನೀಡಿ, ಯಾವ ಬಗೆಯ ಆಹಾರ ಸಿಗುತ್ತದೆಂದು ತಿಳಿಸಿದರೆ ಸಾಕು ಎಂದಿತು. ಊಟವನ್ನು ಕೊಡುವವನ ಹೆಸರಿನಿಂದ ಅಳೆಯುವ ಈ ರಾಜಕೀಯದ ಗುರಿ ಹೋಟೆಲಿನ ಗಲ್ಲಾಪೆಟ್ಟಿಗೆ ಮಾತ್ರವಲ್ಲ, ಅಲ್ಲಿ ಕೂತಿರುವ ಗೆಳೆತನ ಕೂಡ.

ಆದರೆ ಎಲ್ಲವನ್ನೂ ಹೊರಗಿನವರ ಮೇಲೆ ಹೊರಿಸಿ ಕೈತೊಳೆದುಕೊಳ್ಳಲು ಆಗದು. ನಮ್ಮ ಹುಡುಗರು ವಾರವಾರವೂ ನಮ್ಮದೇ ಬೀದಿಯ, ನಮ್ಮವರದೇ ಹೋಟೆಲುಗಳನ್ನು ಆರಿಸಿದರೆ, ಶನಿವಾರ ಮಾಂಸ ಮುಟ್ಟದ ಅಥವಾ ಎಂದೂ ಮಾಂಸ ತಿನ್ನದ ಸಹಪಾಠಿ ಏನು ಮಾಡಬೇಕು? ಎಲ್ಲರೂ ಮಾಂಸ ಬಿಡಿಸಿ ಉಣ್ಣುವಾಗ ಆತ ಒಂದು ಗೋಬಿ ಮಂಚೂರಿಯನ್ನು ಮುಂದಿಟ್ಟುಕೊಂಡು ಎಷ್ಟು ವಾರ ಕೂರಬೇಕು? ಹಲಾಲ್ ನಮಗೆ ಮುಖ್ಯ, ಅದರಲ್ಲಿ ರಾಜಿಯಿಲ್ಲ. ಆದರೆ ನೀರುದೋಸೆ, ಬನ್ಸ್, ಗೋಳಿಬಜೆಗಳ ಮುಂದೆ ಆ ಪ್ರಶ್ನೆಯೇ ಏಳುವುದಿಲ್ಲವಲ್ಲ? ತಿಂಗಳಲ್ಲಿ ಒಂದು ದಿನ ಸಸ್ಯಾಹಾರಿ ಹೋಟೆಲನ್ನು ಆರಿಸಿದರೆ ನಮ್ಮ ಈಮಾನು ಕುಂದುವುದಿಲ್ಲ. ಗೆಳೆಯನಿಗೆ ಮಾತ್ರ, ಇವರು ತನ್ನನ್ನೂ ಲೆಕ್ಕದಲ್ಲಿ ಇಟ್ಟಿದ್ದಾರೆಂದು ಗೊತ್ತಾಗುತ್ತದೆ.

ಅಂದಹಾಗೆ, ಗೋಬಿಯ ಕೆಂಪು ಬಣ್ಣದ ಬಗ್ಗೆಯೂ ಎಚ್ಚರವಿರಲಿ. ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ರಾಜ್ಯ ಸರಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು. ಜೂನ್‌ನಲ್ಲಿ ಕಬಾಬಿಗೂ ಆ ನಿಷೇಧ ಬಂತು. ಹಲಾಲ್ ಫಲಕವನ್ನು ಹುಡುಕುವ ಕಣ್ಣು ಕಬಾಬಿನ ಬಣ್ಣವನ್ನೂ ನೋಡಬೇಡವೇ?

ಇನ್ನು ಹರಿವಾಣದಲ್ಲಿ ಉಳಿಯುವ ಅನ್ನ. ಫೋಟೋದಲ್ಲಿ ತುಂಬಿ ಕಾಣಲೆಂದು ಫುಲ್ ಮಂದಿ ತರಿಸಿ ಅರ್ಧ ಬಿಟ್ಟೇಳುವುದನ್ನು ನಾವು ಕಾಣುತ್ತಲೇ ಇದ್ದೇವೆ. 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು, ಅದರ ಕಾಲು ಭಾಗಕ್ಕಿಂತಲೂ ಹೆಚ್ಚು ಹೋಟೆಲು ಮುಂತಾದ ಕಡೆಗಳಲ್ಲಿ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿ ಹೇಳುತ್ತದೆ. ಉಳಿದುದನ್ನು ಕಟ್ಟಿಸಿಕೊಂಡು ಹೋಗುವುದು ಕೀಳೆಂಬ ಭಾವನೆ ನಮ್ಮ ಹುಡುಗರಿಗೆ ಎಲ್ಲಿಂದ ಬಂತೋ ಅರ್ಥವಾಗುವುದಿಲ್ಲ.

ಆ ಫೋಟೋಗಳು ಬೇರೆ ಅನ್ಯಾಯಕ್ಕೂ ದಾರಿಯಾಗಿವೆ. ಸೌದಿಯಲ್ಲಿ ನಿತಾಖತ್ ಬಿಗಿಯಾದ 2013ರ ನಂತರ, ಅಲ್ಲಿರುವ ಕುಟುಂಬಗಳ ಮೇಲೆ ತಲೆಶುಲ್ಕ ಬಿದ್ದ 2017ರ ನಂತರ, ಮತ್ತೆ ಕೊರೋನಾದ ಕಾಲದಲ್ಲಿ ಊರಿಗೆ ಮರಳಿದವರಲ್ಲಿ ಹಲವರು ಇದ್ದ ಉಳಿತಾಯವನ್ನೆಲ್ಲ ಹೋಟೆಲಿಗೆ ಸುರಿದರು. ಅಂಥವರ ಅಡುಗೆಮನೆ ಹದಕ್ಕೆ ಬರಲು ಕೆಲವು ತಿಂಗಳಾದರೂ ಬೇಕು. ತೆರೆದ ಮೂರನೆಯ ದಿನ ಹೋಗಿ, ಅನ್ನ ತುಸು ಗಟ್ಟಿಯಾಯಿತೆಂದು ನಗೆಯಾಡುತ್ತಾ ವೀಡಿಯೋ ಹರಿಯಬಿಡುವವರಿಗೆ ಆ ಉಳಿತಾಯದ ಹಿಂದಿನ ವರ್ಷಗಳು ಕಾಣುವುದಿಲ್ಲ. ಕೆಟ್ಟ ಎಣ್ಣೆ, ಹಳಸಿದ ಮಾಂಸ ಕಂಡರೆ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಲೇಬೇಕು. ಬಿಲ್ಲಿನಲ್ಲಿರುವ 14 ಅಂಕಿಗಳ ಪರವಾನಿಗೆ ಸಂಖ್ಯೆ ಇರುವುದೇ ಅದಕ್ಕೆ. ಆದರೆ ಉಪ್ಪು ಕಡಿಮೆಯಾಯಿತೆಂಬ ಮಾತನ್ನು ಗಲ್ಲಾದಲ್ಲಿ ಕೂತ ಮಾಲಕನ ಕಿವಿಯಲ್ಲಿ ಹೇಳಿದರೆ ಸಾಲದೇ?

ಮೂರನೆಯದಾಗಿ, ಆ ಮೇಜಿಗೆ ಎಂದೂ ಬಾರದವರ ಮಾತು. ಮಗ ರಾತ್ರಿ ಹನ್ನೊಂದಕ್ಕೆ ಹೊಸ ಹೋಟೆಲಿನ ರುಚಿಯನ್ನು ವರ್ಣಿಸುತ್ತಾ ಮನೆಗೆ ಬರುತ್ತಾನೆ. ಆ ಮನೆಯ ಮಗಳೂ ಕಾಲೇಜಿನಲ್ಲಿ ಓದುತ್ತಾಳೆ, ಅವಳಿಗೂ ಗೆಳತಿಯರಿದ್ದಾರೆ. ಅವರು ನಾಲ್ವರು ಮಧ್ಯಾಹ್ನದ ಬೆಳಕಿನಲ್ಲಿ ಒಂದು ಹೋಟೆಲಿಗೆ ಹೋಗಿ ಬರುತ್ತೇವೆಂದರೆ ಮನೆಯಲ್ಲಿ ವಿಚಾರಣೆಯೇ ಆರಂಭವಾಗುತ್ತದೆ. ಮಗನಿಗೆ ಕೇಳದ ಪ್ರಶ್ನೆಗಳು ಅವಳಿಗೆ ಏಕೆ? ಇನ್ನು ಅವರ ತಾಯಿ. ಮೂವತ್ತು ವರ್ಷ ಎಲ್ಲರಿಗೂ ಬಡಿಸಿ ಕೊನೆಗೆ ಉಂಡವಳು. ಆಕೆಗೂ ಜೊತೆಯಲ್ಲಿ ಓದಿದ, ಅದೇ ಊರಿಗೆ ಮದುವೆಯಾಗಿ ಬಂದ ಗೆಳತಿಯರಿರಬಹುದೆಂಬುದು ಆ ಮನೆಯಲ್ಲಿ ಯಾರಿಗೂ ಹೊಳೆದಿರುವುದಿಲ್ಲ. ಹೊಸ ಹೋಟೆಲುಗಳು ಫ್ಯಾಮಿಲಿ ರೂಮುಗಳನ್ನು ಕಟ್ಟಿಸಿ, ಪರದೆ ಹಾಕಿಸಿ ಕಾದಿವೆ. ಅಲ್ಲಿ ಬಂದು ಕೂರುವವರು ಬಹುಪಾಲು ಗಂಡಂದಿರ ಜೊತೆಗೇ ಬರುತ್ತಾರೆ. ಮುಂದಿನ ವಾರ ಹೊಸ ಹೋಟೆಲಿನ ಮಾತು ಬಂದಾಗ, ತಾಯಿ ತನ್ನ ಆ ಗೆಳತಿಯರನ್ನು ಕರೆದುಕೊಂಡು ಹೋಗಿ ಬರಲಿ. ಆ ಹೊತ್ತಿನ ಮನೆಯ ಅಡುಗೆಯನ್ನು ಮಗ ನೋಡಿಕೊಳ್ಳಲಿ.