ಕಲಿತವರೆಲ್ಲ ಕಲಿಸಬಲ್ಲರೇ?

ಕನ್ನಡದಲ್ಲಿ ಕಲಿ, ಕಲಿಸು. ತೆಲುಗಿನಲ್ಲಿ ನೇರ್ಚು, ನೇರ್ಪು. ಎರಡು ಭಾಷೆಯಲ್ಲೂ ಕಲಿಯುವವನಿಗೂ ಕಲಿಸುವವನಿಗೂ ಒಂದೇ ಅಕ್ಷರದ ದೂರ. ಅದಕ್ಕೇ ಏನೋ, ಒಂದು ವಿದ್ಯೆ ಕೈಗೆ ಬಂದ ಕೂಡಲೇ ಅದನ್ನು ಇನ್ನೊಬ್ಬರಿಗೆ ಹೇಳಿಕೊಡಲೂ ಬರುತ್ತದೆ ಅಂತ ನಾವು ತಿಳಿದುಬಿಡ್ತೀವಿ. ಟ್ರ್ಯಾಕ್ಟರ್ ಓಡಿಸಲು ಕಲಿತವನು ಮರುದಿನವೇ ಪಕ್ಕದ ಮನೆ ಹುಡುಗನನ್ನು ಮಡ್‌ಗಾರ್ಡ್ ಮೇಲೆ ಕೂರಿಸಿಕೊಂಡು ಗುರು ಆಗಿಬಿಡುತ್ತಾನೆ. ಈ ತಿಳಿವಳಿಕೆ ಎಷ್ಟು ಅಪಾಯದ್ದು ಎಂದು ಹೇಳಲು ಇವತ್ತು ನೆಲ ಬಿಟ್ಟು ಆಕಾಶದ ಉದಾಹರಣೆಯೊಂದನ್ನು ತಗೊಂಡಿದ್ದೇನೆ. ಅದು ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯುವ ಸ್ಕೈಡೈವಿಂಗ್.

ಮಳೆಗಾಗಿ ಆಕಾಶ ನೋಡುವ ರೈತನಿಗೆ ಈ ವಿಷಯ ಯಾಕೆ ಅಂತ ಕೇಳಬಹುದು. ನಮ್ಮ ಗಡಿ ಸೀಮೆಯ ಮಕ್ಕಳು ಇವತ್ತು ಅಮೆರಿಕ, ದುಬೈಗಳಲ್ಲಿ ಕೆಲಸದಲ್ಲಿದ್ದಾರೆ. ರಜೆ ದಿನ ಆಕಾಶದಿಂದ ಜಿಗಿದು, ಅದರ ವಿಡಿಯೊ ಊರಿಗೆ ಕಳಿಸುತ್ತಾರೆ. ನಾವು ನೋಡಿ ಎದೆ ಹಿಡಿದುಕೊಳ್ಳುತ್ತೇವೆ, ಆಮೇಲೆ ನಾಲ್ಕು ಜನಕ್ಕೆ ತೋರಿಸುತ್ತೇವೆ. ಆದರೆ ನಮ್ಮ ಹುಡುಗನ ಬೆನ್ನಿಗೆ ಅಂಟಿಕೊಂಡು ಇನ್ನೊಬ್ಬ ಇದ್ದಾನಲ್ಲ, ಅವನು ಯಾರು, ಅವನಿಗೆ ಆ ಅಧಿಕಾರ ಕೊಟ್ಟವರು ಯಾರು ಎಂದು ಯಾರೂ ಕೇಳುವುದಿಲ್ಲ.

ಅಮೆರಿಕದಲ್ಲಿ ಈ ಕೆಲಸಕ್ಕೆ ಯುನೈಟೆಡ್ ಸ್ಟೇಟ್ಸ್ ಪ್ಯಾರಾಚೂಟ್ ಅಸೋಸಿಯೇಷನ್ ಎಂಬ ಸಂಸ್ಥೆ ಇದೆ. ಜಿಗಿಯುವವರಿಗೆ ಅದು ನಾಲ್ಕು ಲೈಸೆನ್ಸ್ ಕೊಡುತ್ತದೆ. ಪರೀಕ್ಷೆಗಳ ಜತೆಗೆ ‘ಎ’ಗೆ ಕನಿಷ್ಠ 25 ಜಿಗಿತ, ‘ಬಿ’ಗೆ 50, ‘ಸಿ’ಗೆ 200, ‘ಡಿ’ಗೆ 500 ಜಿಗಿತ ಆಗಿರಬೇಕು. ಇದು ಸ್ವಂತಕ್ಕೆ ಜಿಗಿಯುವವನ ಲೆಕ್ಕ. ಕಲಿಸುವವನ ಲೆಕ್ಕವೇ ಬೇರೆ. ಮೊದಲ ಮೆಟ್ಟಿಲಾದ ‘ಕೋಚ್’ ಆಗಲು ‘ಬಿ’ ಲೈಸೆನ್ಸ್ ಜತೆಗೆ 100 ಜಿಗಿತ ಬೇಕು. ಹೊಸಬನನ್ನು ತನ್ನ ಎದೆಗೆ ಕಟ್ಟಿಕೊಂಡು ಒಂದೇ ಪ್ಯಾರಾಚೂಟಿನಲ್ಲಿ ಇಳಿಸುವ ‘ಟ್ಯಾಂಡೆಮ್’ ಶಿಕ್ಷಕನಾಗಲು 500 ಜಿಗಿತ, ಮೂರು ವರ್ಷದ ಅನುಭವ, ವೈದ್ಯರ ಪ್ರಮಾಣಪತ್ರ ಬೇಕು.

ಇನ್ನೊಂದು ಬಗೆಯ ಶಿಕ್ಷಕ ಇದ್ದಾನೆ. ವಿದ್ಯಾರ್ಥಿ ತನ್ನದೇ ಪ್ಯಾರಾಚೂಟ್ ಕಟ್ಟಿಕೊಂಡು ಬೀಳುವಾಗ ಇವನು ಪಕ್ಕದಲ್ಲೇ ಅವನನ್ನು ಹಿಡಿದುಕೊಂಡು ಬೀಳುತ್ತಾನೆ. ಇವನಾಗಬೇಕಾದರೆ ಪ್ಯಾರಾಚೂಟ್ ಬಿಚ್ಚುವ ಮೊದಲಿನ ಬರೀ ಬೀಳುವ ಹೊತ್ತನ್ನೇ ಕೂಡಿಸಿ ಆರು ಗಂಟೆ ಆಗಿರಬೇಕು. ಆರು ಗಂಟೆ ಏನು ಮಹಾ, ನಮ್ಮ ಬೋರ್‌ವೆಲ್ಲಿಗೆ ಒಂದು ಪಾಳಿ ತ್ರೀಫೇಸ್ ಕರೆಂಟು ಬರುವಷ್ಟು ಹೊತ್ತು ಅಂತ ಅನ್ನಿಸಬಹುದು. ಆದರೆ 13,000 ಅಡಿ ಎತ್ತರದಿಂದ ಜಿಗಿದರೆ ಹಾಗೆ ಬೀಳುವುದು ಹೆಚ್ಚು ಕಡಿಮೆ ಒಂದೇ ನಿಮಿಷ. ವೇಗ ಗಂಟೆಗೆ 190 ಕಿಲೋಮೀಟರ್ ಸುಮಾರು. ನಿಮಿಷ ನಿಮಿಷ ಕೂಡಿಸಿ ಆರು ಗಂಟೆ ಮಾಡಬೇಕಾದರೆ 360 ಸಲ ವಿಮಾನ ಹತ್ತಬೇಕು.

ಇಷ್ಟಾದ ಮೇಲೂ ಅವನು ಶಿಕ್ಷಕನಲ್ಲ. ಪರೀಕ್ಷೆಗೆ ಕೂರಲು ಅರ್ಹ, ಅಷ್ಟೆ. ನನಗೆ ತುಂಬ ಹಿಡಿಸಿದ್ದು ಆ ಪರೀಕ್ಷೆಯ ರೀತಿ. ಅಲ್ಲಿ ನಿಜವಾದ ವಿದ್ಯಾರ್ಥಿ ಇರುವುದಿಲ್ಲ. ಪಳಗಿದ ಪರೀಕ್ಷಕನೇ ಏನೂ ಬಾರದ ಹೊಸಬನಂತೆ ನಟಿಸುತ್ತಾನೆ. ನೆಲದ ಮೇಲೆ ಪಾಠ ಹೇಳುವಾಗ ತಪ್ಪು ತಪ್ಪಾಗಿ ಮಾಡಿ ತೋರಿಸುತ್ತಾನೆ. ಆಕಾಶದಲ್ಲಿ ಬೇಕೆಂದೇ ಮಗುಚಿಕೊಳ್ಳುತ್ತಾನೆ, ಬುಗುರಿಯಂತೆ ತಿರುಗುತ್ತಾನೆ, ಪ್ಯಾರಾಚೂಟ್ ಎಳೆಯುವ ಹೊತ್ತಿಗೆ ಎಳೆಯದೆ ಸುಮ್ಮನಿರುತ್ತಾನೆ. ಅಭ್ಯರ್ಥಿ ಹೋಗಿ ಅವನನ್ನು ಹಿಡಿಯಬೇಕು, ತಿರುಗುವುದನ್ನು ನಿಲ್ಲಿಸಬೇಕು, ಬೇಕಾದರೆ ತಾನೇ ಅವನ ಪ್ಯಾರಾಚೂಟ್ ಬಿಚ್ಚಬೇಕು. ಅಂದರೆ ಅಲ್ಲಿ ನೋಡುವುದು ನಿನಗೆ ಎಷ್ಟು ಬರುತ್ತದೆ ಅಂತಲ್ಲ, ಬಾರದವನು ತಪ್ಪಿದಾಗ ನೀನು ಏನು ಮಾಡ್ತೀಯ ಅಂತ. ನಮ್ಮ ನಾಡಿನ ಎಷ್ಟು ವಿದ್ಯೆಗಳಲ್ಲಿ ಗುರುವನ್ನು ಹೀಗೆ ತೂಗಿ ನೋಡುತ್ತಾರೆ?

ಇನ್ನೊಂದು ಮಾತು. ಆ ವೇಗದ ಗಾಳಿಯಲ್ಲಿ ಕೂಗಿದರೂ ಕೇಳಿಸುವುದಿಲ್ಲ. ಎಲ್ಲ ಕೈಸನ್ನೆಯೇ. ಎರಡು ಬೆರಳು ಚಾಚಿದರೆ ಕಾಲು ನೀಡು ಎಂದು, ಕೈ ಅಲುಗಿಸಿದರೆ ಮೈ ಸಡಿಲ ಬಿಡು ಎಂದು, ತೋರುಬೆರಳು ಚಾಚಿದರೆ ಪ್ಯಾರಾಚೂಟ್ ಎಳೆ ಎಂದು ಅರ್ಥ. ಆದರೆ ಈ ಸನ್ನೆಗಳನ್ನೆಲ್ಲ ಮೊದಲು ನೆಲದ ಮೇಲೆ ಮಾತಿನಲ್ಲೇ ಹೇಳಿಕೊಟ್ಟಿರಬೇಕು. ಆ ಮಾತು ವಿದ್ಯಾರ್ಥಿಯ ಎದೆಗೆ ಇಳಿದಿರಬೇಕು. ಎರಡು ಭಾಷೆಯಲ್ಲಿ ಬದುಕುವ ನಮಗೆ ಇದು ಚೆನ್ನಾಗಿ ಗೊತ್ತು. ಮಂಡಿಯಲ್ಲಿ ಇಡೀ ದಿನ ತೆಲುಗಿನಲ್ಲಿ ವ್ಯಾಪಾರ ಮಾಡಿದವನೂ ಕಾಲ ಬಳಿ ಹಾವು ಹರಿದರೆ ಮನೆ ಮಾತಿನಲ್ಲೇ ಕೂಗುತ್ತಾನೆ. ಭಯದ ಹೊತ್ತಿಗೆ ಬರುವುದು ತಾಯಿ ಕಲಿಸಿದ ಭಾಷೆ. ಕಲಿಸುವವನಿಗೆ ಇದರ ಅರಿವಿಲ್ಲದಿದ್ದರೆ ಸಾವಿರ ಜಿಗಿತ ಇದ್ದರೂ ಪ್ರಯೋಜನ ಇಲ್ಲ.

ನಿಯಮ ಇಷ್ಟು ಬಿಗಿ ಇದ್ದ ದೇಶದಲ್ಲೂ ಏನಾಯಿತು ನೋಡಿ. 2016ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಲೋಡೈ ಬಳಿ 18 ವರ್ಷದ ಹುಡುಗನೊಬ್ಬ ಮೊದಲ ಸಲ ಟ್ಯಾಂಡೆಮ್ ಜಿಗಿತಕ್ಕೆ ಹೋದ. ಪ್ಯಾರಾಚೂಟ್ ಸರಿಯಾಗಿ ಬಿಚ್ಚಿಕೊಳ್ಳಲಿಲ್ಲ. ಹುಡುಗನೂ ಶಿಕ್ಷಕನೂ ಇಬ್ಬರೂ ಸತ್ತರು. ಆ ಶಿಕ್ಷಕನಿಗೆ ಸರಿಯಾದ ಅರ್ಹತೆಯೇ ಇರಲಿಲ್ಲ ಎಂಬುದು ಆಮೇಲೆ ಹೊರಬಂತು. ಅವನಿಗೆ ತರಬೇತಿ ಕೊಟ್ಟ ಪರೀಕ್ಷಕನ ಅಧಿಕಾರವನ್ನು ಅದಕ್ಕೂ ಮೊದಲೇ ಅಮಾನತು ಮಾಡಲಾಗಿತ್ತು. ಅವನು ದುಡ್ಡು ತಗೊಂಡು ತರಬೇತಿ ನಡೆಸುತ್ತಲೇ ಇದ್ದ. ಕಾಗದಪತ್ರದ ಮೇಲೆ ಮಾತ್ರ ಮತ್ತೊಬ್ಬ ಪರೀಕ್ಷಕನ ಸಹಿ. ಸುದ್ದಿ ಬಯಲಾದ ಮೇಲೆ ನೂರಕ್ಕೂ ಹೆಚ್ಚು ಶಿಕ್ಷಕರು ಮತ್ತೆ ತರಬೇತಿ ಪಡೆಯಬೇಕಾಯಿತು. 2024ರಲ್ಲಿ ಆ ಪರೀಕ್ಷಕನ ವಂಚನೆ ನ್ಯಾಯಾಲಯದಲ್ಲಿ ಸಾಬೀತಾಗಿ, ಎರಡು ವರ್ಷ ಜೈಲು ಆಯಿತು.

ದುಡ್ಡು ಕೊಟ್ಟು ಆ ತರಬೇತಿಗೆ ಸೇರಿದವರಲ್ಲಿ ಎಷ್ಟೋ ಜನ ಮೋಸ ಹೋದವರೇ. ಕಡ್ಲೆಕಾಯಿ ಬೀಜದ ಚೀಲಕ್ಕೆ ಹೊಲಿದ ನೀಲಿ ಚೀಟಿ ನಂಬಿ ಬಿತ್ತುತ್ತೇವೆ. ಚೀಟಿ ಸುಳ್ಳಾದರೆ ನಮ್ಮದು ಒಂದು ಬೆಳೆ ಹೋಗುತ್ತದೆ, ಸಾಲ ಉಳಿಯುತ್ತದೆ. ಅಲ್ಲಿ ಹೋದದ್ದು ಎರಡು ಜೀವ. ಗುರುವಿಗೆ ಪರೀಕ್ಷೆ ಇದ್ದರೆ ಸಾಲದು, ಗುರುವನ್ನು ಪರೀಕ್ಷಿಸುವವನ ಸಹಿಯನ್ನೂ ಕಾಯುವವರು ಬೇಕು.

ನಮ್ಮ ದೇಶಕ್ಕೆ ಈ ವಿದ್ಯೆ ಹೊಸದಲ್ಲ. ಆಗ್ರಾದಲ್ಲಿ ಪ್ಯಾರಾಟ್ರೂಪರ್ಸ್ ಟ್ರೈನಿಂಗ್ ಸ್ಕೂಲ್ ಇದೆ. ರೇಚಲ್ ಥಾಮಸ್ 1979ರಲ್ಲೇ ಜಿಗಿದ ಹೆಣ್ಣುಮಗಳು. ಪುಣೆಯ ಶೀತಲ್ ಮಹಾಜನ್ 2004ರಲ್ಲಿ ಉತ್ತರ ಧ್ರುವದ ಮೇಲೆ ಜಿಗಿದರು. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ವಾಯು ಕ್ರೀಡೆಗಳಿಗೆ ರಾಷ್ಟ್ರೀಯ ನೀತಿಯನ್ನೇ ತಂದಿತು. ಸ್ಕೈಡೈವಿಂಗ್, ಪ್ಯಾರಾಗ್ಲೈಡಿಂಗ್ ಎಲ್ಲ ಅದರೊಳಗೆ ಬರುತ್ತವೆ. ಇಂಥ ಸೇವೆ ಕೊಡುವವರು ಆಯಾ ಕ್ರೀಡೆಯ ಸಂಘದಲ್ಲಿ ನೋಂದಾಯಿಸಿಕೊಳ್ಳಬೇಕು ಎಂದು ನೀತಿ ಹೇಳುತ್ತದೆ.

ಹೇಳಿದ್ದು ಸರಿ. ಆದರೆ ಕಾಗದದ ಮೇಲಿನ ನಿಯಮ ಬೆಟ್ಟದ ತುದಿಗೆ ತಾನಾಗಿ ಹತ್ತುವುದಿಲ್ಲ. ನನ್ನ ಅಭಿಪ್ರಾಯ ಇಷ್ಟೆ. ಅರ್ಹ ಶಿಕ್ಷಕರ ಪಟ್ಟಿ, ಅವರನ್ನು ಪರೀಕ್ಷಿಸಿದವರ ಹೆಸರಿನ ಸಮೇತ, ಜಿಗಿಸುವ ಜಾಗದಲ್ಲೇ ಜನ ಓದುವ ಭಾಷೆಯಲ್ಲಿ ಬೋರ್ಡು ಹಾಕಿರಬೇಕು. ಗಡಿಯ ಜನಕ್ಕೆ ಎರಡು ಭಾಷೆಯಲ್ಲಿ ಇರಲಿ. ನೆಲದ ಪಾಠ ಕಲಿಯುವವನ ಮಾತಿನಲ್ಲೇ ನಡೆಯಬೇಕು. ಪ್ರಮಾಣಪತ್ರವನ್ನು ಒಂದು ಸಲ ಕೊಟ್ಟು ಮರೆಯದೆ, ಅಮೆರಿಕದಲ್ಲಿ ಮಾಡುವಂತೆ ವರ್ಷ ವರ್ಷ ನವೀಕರಿಸಬೇಕು.

ನಾವೂ ಒಂದು ಕೆಲಸ ಮಾಡಬಹುದು. ಎತ್ತು ಕೊಳ್ಳುವಾಗ ಹಲ್ಲು ಎಣಿಸುವವರು ನಾವು. ಮಗನೋ ಮಗಳೋ ‘ನಾಳೆ ಜಿಗಿಯಲು ಹೋಗ್ತಿದೀನಿ’ ಅಂತ ಫೋನ್ ಮಾಡಿದರೆ ಬೇಡ ಅನ್ನುವುದು ಬೇಡ, ಅವರು ಕೇಳುವುದೂ ಇಲ್ಲ. ‘ನಿನ್ನನ್ನು ಕಟ್ಟಿಕೊಳ್ಳುವವನ ಪ್ರಮಾಣಪತ್ರ ಈ ವರ್ಷದ್ದಾ? ಅದಕ್ಕೆ ಸಹಿ ಹಾಕಿದವರು ಯಾರು? ಕೇಳಿಕೊಂಡು ವಿಮಾನ ಹತ್ತು’ ಅಂತ ಹೇಳೋಣ.