ಹುಡುಕಾಟದ ಜಾಣ್ಮೆ

ಗಣಕಯಂತ್ರಕ್ಕೆ ಚದುರಂಗ ಕಲಿಸುವ ಹವ್ಯಾಸ ಹಳೆಯದು. 1976ರಲ್ಲಿ ಕೆನಡಾದ ಪೀಟರ್ ಜೆನಿಂಗ್ಸ್ ಎಂಬವರು ಒಂದು ಕಿಲೋಬೈಟಿನಷ್ಟೇ ಸ್ಮರಣಶಕ್ತಿಯುಳ್ಳ ಪುಟ್ಟ ಯಂತ್ರಕ್ಕಾಗಿ ‘ಮೈಕ್ರೋಚೆಸ್’ ಎಂಬ ಪ್ರೋಗ್ರಾಮನ್ನು ಬರೆದರು. ಇಂದು ಮನೆಯಲ್ಲಿಯೇ ಅಂತಹ ಪ್ರೋಗ್ರಾಂ ಬರೆಯುವ ವಿದ್ಯಾರ್ಥಿಯ ಮುಂದೆ ಅದರ ಲಕ್ಷಾಂತರ ಪಾಲು ಸ್ಮರಣಶಕ್ತಿಯುಳ್ಳ ಯಂತ್ರವಿರುತ್ತದೆ. ಆದರೂ ಆ ಪ್ರೋಗ್ರಾಂ ಮೊದಮೊದಲು ಮೂರು ನಾಲ್ಕು ನಡೆಗಳಾಚೆ ನೋಡಲಾರದೆ ಸೋಲುತ್ತದೆ. ಆಗ ಹೊಳೆಯುವ ಪರಿಹಾರ ಒಂದೇ: ಇನ್ನೂ ವೇಗದ ಯಂತ್ರ ಬೇಕು! ಇದು ಸರಿಯಾದ ದಾರಿಯಲ್ಲ.

ಲೆಕ್ಕವನ್ನೇ ನೋಡಬಹುದು. ಆಟದ ನಡುವೆ ಆಟಗಾರನಿಗೆ ಸುಮಾರು 30 ನಡೆಗಳು ಸಾಧ್ಯ. ಪ್ರತಿಯೊಂದಕ್ಕೂ ಎದುರಾಳಿಯ 30 ಉತ್ತರಗಳು. ಹೀಗೆ ಇಬ್ಬರೂ ಎರಡೆರಡು ನಡೆ ಆಡುವಷ್ಟರಲ್ಲಿ ಪರೀಕ್ಷಿಸಬೇಕಾದ ಸ್ಥಿತಿಗಳು 8,10,000. ಇನ್ನೊಂದೇ ನಡೆ ಮುಂದೆ ನೋಡಬೇಕಾದರೆ ಯಂತ್ರದ ವೇಗ 30 ಪಾಲು ಹೆಚ್ಚಬೇಕು. ಅಷ್ಟು ವೇಗವನ್ನು ಯಾವ ಅಂಗಡಿಯಿಂದ ತರುವುದು?

ಎಲ್ಲವನ್ನೂ ನೋಡಲೇಬೇಕೆಂಬ ನಿಯಮವೇನೂ ಇಲ್ಲ. ಮೊದಲ ನಡೆಯನ್ನು ಪೂರ್ಣವಾಗಿ ಪರೀಕ್ಷಿಸಿದಾಗ ಆಟ ಸಮಬಲದಲ್ಲಿ ಉಳಿಯುವುದೆಂದು ತಿಳಿಯಿತೆನ್ನೋಣ. ಎರಡನೆಯ ನಡೆಗೆ ಎದುರಾಳಿ ಕೊಡಬಹುದಾದ ಒಂದು ಉತ್ತರದಿಂದಲೇ ಮಂತ್ರಿ ಪುಕ್ಕಟೆಯಾಗಿ ಹೋಗುವುದು ಕಂಡರೆ, ಮಿಕ್ಕ 29 ಉತ್ತರಗಳನ್ನು ನೋಡುವ ಅಗತ್ಯವೇನು? ಆ ನಡೆ ಕೆಟ್ಟದ್ದು. ಎಷ್ಟು ಕೆಟ್ಟದ್ದೆಂಬುದು ಬೇಡದ ವಿಚಾರ. ಗಿಡದ ಬೇಡವಾದ ರೆಂಬೆಗಳನ್ನು ಸವರಿದಂತಹ ಈ ಕ್ರಮಕ್ಕೆ ಆಲ್ಫಾ-ಬೀಟಾ ಎಂದು ಹೆಸರು. ಉತ್ತಮ ನಡೆಗಳೇ ಯಾವಾಗಲೂ ಮೊದಲು ಕೈಗೆ ಬಂದಲ್ಲಿ, 8,10,000 ಸ್ಥಿತಿಗಳ ಕೆಲಸ 1,799ರಲ್ಲಿ ಮುಗಿಯುತ್ತದೆ. ಫಲ ಮಾತ್ರ ಎಳ್ಳಷ್ಟೂ ಬದಲಾಗದು. ಕೆಟ್ಟ ನಡೆಗಳೇ ಮೊದಲು ಬಂದರೆ ಉಳಿತಾಯವೂ ಅಷ್ಟಕ್ಕಷ್ಟೆ.

ಆದುದರಿಂದ ಶ್ರಮವನ್ನು ವ್ಯಯಿಸಬೇಕಾದುದು ನಡೆಗಳ ಸರದಿಯ ಮೇಲೆ. ಕಾಲಾಳಿನಿಂದ ಮಂತ್ರಿಯನ್ನು ಹೊಡೆಯುವಂತಹ ನಡೆಗಳನ್ನು ಮುಂದಿಡಬೇಕು. ಮೊದಲು ಒಂದು ನಡೆಯ ಆಳಕ್ಕೆ, ಬಳಿಕ ಎರಡರ, ಮೂರರ ಆಳಕ್ಕೆ ಹುಡುಕುತ್ತ, ಪ್ರತಿ ಸಲವೂ ಹಿಂದಿನ ಸುತ್ತಿನಲ್ಲಿ ಗೆದ್ದ ನಡೆಯನ್ನೇ ಮೊದಲು ನೋಡಬೇಕು. ಮಾಡಿದ್ದನ್ನೇ ಮತ್ತೆ ಮಾಡುವುದು ದಂಡವೆಂದು ತೋರಬಹುದು. ಆದರೆ ಮೊದಲ ಸುತ್ತುಗಳ ಶ್ರಮ ಕೊನೆಯ ಸುತ್ತಿನ ಮುಂದೆ ಅಲ್ಪ.

ಹುಡುಕಾಟವನ್ನು ಎಲ್ಲೆಂದರಲ್ಲಿ ನಿಲ್ಲಿಸುವುದೂ ಅಪಾಯ. ಮಂತ್ರಿಯಿಂದ ಕಾಲಾಳನ್ನು ಹೊಡೆದಲ್ಲಿಗೆ ಅದು ಮುಗಿದರೆ, ಮರುನಡೆಯಲ್ಲಿಯೇ ಮಂತ್ರಿ ಹೋಗುವುದನ್ನು ಕಾಣದ ಯಂತ್ರ ಲಾಭವಾಯಿತೆಂದು ಹಿಗ್ಗುತ್ತದೆ. ಹೊಡೆದಾಟ ಮುಗಿದು ಮಣೆ ಶಾಂತವಾಗುವ ತನಕ ನೋಡಲೇಬೇಕು.

1997ರಲ್ಲಿ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಅವರನ್ನು ಮಣಿಸಿದ ಡೀಪ್ ಬ್ಲೂ ಯಂತ್ರವು ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ನೋಡುತ್ತಿತ್ತೆಂದು ವೇಗದ ಪಕ್ಷದವರು ನೆನಪಿಸುವರು. ನಿಜ, ಆದರೆ ಅದು ಕೂಡ ಆಲ್ಫಾ-ಬೀಟಾ ಕ್ರಮವನ್ನು ಬಿಟ್ಟಿರಲಿಲ್ಲ.

ಸವರುವಾಗ ಬೇಕಾದ ರೆಂಬೆಯನ್ನೇ ಸವರಿಬಿಡುವುದೂ ಉಂಟು. ಇದನ್ನು ತಿಳಿಯುವ ಉಪಾಯ ಸುಲಭ. ಒಂದೇ ಸ್ಥಿತಿಯನ್ನು ಅದೇ ಆಳಕ್ಕೆ ಒಮ್ಮೆ ಸವರಿ, ಒಮ್ಮೆ ಸವರದೆ ಹುಡುಕಿಸಿ, ಬಂದ ಬೆಲೆಗಳನ್ನು ಹೋಲಿಸಬೇಕು. ಅವು ಬೇರೆಯಾದರೆ, ವೇಗ ಎಷ್ಟೇ ಹೆಚ್ಚಿದ್ದರೂ ಪ್ರೋಗ್ರಾಮಿನಲ್ಲಿ ಎಲ್ಲಿಯೋ ತಪ್ಪಿದೆ.