ಇಲ್ಲದ ಕಾಯಿಲೆಗೆ ಮುಲಾಮು

'ನೀಮ್ ಹಕೀಮ್ ಖತ್ರಾ-ಎ-ಜಾನ್' ಎಂಬುದು ಉರ್ದುವಿನ ಹಳೆಯ ಗಾದೆ. ಅರೆಬರೆ ವೈದ್ಯನಿಂದ ಪ್ರಾಣಕ್ಕೇ ಅಪಾಯ ಎಂದರ್ಥ. ಈಗ ಆ ಅರೆವೈದ್ಯನನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಅವನು ಪಕ್ಕದ ಮನೆಯಲ್ಲಿದ್ದಾನೆ, ಬ್ಯೂಟಿ ಪಾರ್ಲರಿನಲ್ಲಿದ್ದಾನೆ, ಮೆಡಿಕಲ್ ಶಾಪಿನ ಕೌಂಟರಿನ ಹಿಂದೆಯೂ ಇದ್ದಾನೆ.

ಹೆಣ್ಣು ನೋಡಲು ಬರುವವರ ದಿನ ಗೊತ್ತಾದೊಡನೆ ಅನೇಕ ಮನೆಗಳಿಗೆ ಒಂದು ಟ್ಯೂಬು ಬರುತ್ತದೆ. ಹಚ್ಚಿದರೆ ಮುಖ ಬೆಳ್ಳಗಾಗುತ್ತದಂತೆ. ಕೆಲವು ದಿನಗಳ ಮಟ್ಟಿಗೆ ಆಗುತ್ತದೆ ಕೂಡ. ಜನ ಮೋಸ ಹೋಗುವುದೇ ಅಲ್ಲಿ. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್‌ನಂತಹ ಸ್ಟೀರಾಯ್ಡ್ ಇರುವ ಮುಲಾಮು ಸೌಂದರ್ಯವರ್ಧಕವಲ್ಲ, ಔಷಧಿ. ಇಸುಬು, ಸೋರಿಯಾಸಿಸ್‌ನಂತಹ ಕಾಯಿಲೆಗಳಿಗೆ ಚರ್ಮರೋಗ ತಜ್ಞರು ಇಂತಿಷ್ಟೇ ದಿನ ಎಂದು ಲೆಕ್ಕ ಹಾಕಿ ಬರೆದುಕೊಡುವಂಥದ್ದು. ಅದನ್ನು ತಿಂಗಳುಗಟ್ಟಲೆ ಮುಖಕ್ಕೆ ಬಳಿದರೆ ಚರ್ಮ ತೆಳ್ಳಗಾಗುತ್ತದೆ, ರಕ್ತನಾಳಗಳು ಕೆಂಪು ಎಳೆಗಳಂತೆ ಕಾಣತೊಡಗುತ್ತವೆ, ಮೊಡವೆ ಏಳುತ್ತದೆ, ಬೇಡದ ಕೂದಲು ಬೆಳೆಯುತ್ತದೆ. ಬಿಟ್ಟರೆ ಮುಖವೆಲ್ಲ ಕೆಂಪಾಗಿ ಉರಿ. ಉರಿ ತಾಳಲಾರದೆ ಮತ್ತೆ ಅದನ್ನೇ ಹಚ್ಚುತ್ತಾರೆ. ಹುಳುಕಡ್ಡಿಗೆ ಹಚ್ಚುವವರ ಕಥೆಯೂ ಇದೇ. ತುರಿಕೆ ತಣಿಯುತ್ತದೆ, ಶಿಲೀಂಧ್ರ ಮಾತ್ರ ಸದ್ದಿಲ್ಲದೆ ಹರಡುತ್ತದೆ.

ಕಾನೂನು ಇಲ್ಲವೆಂದಲ್ಲ. 2018ರಲ್ಲಿ ಕೇಂದ್ರ ಸರಕಾರ ಹಚ್ಚುವ ಸ್ಟೀರಾಯ್ಡ್‌ಗಳ ಪೈಕಿ 14ನ್ನು 'ಶೆಡ್ಯೂಲ್ ಎಚ್' ಪಟ್ಟಿಗೆ ಸೇರಿಸಿತು. ಈ ಪಟ್ಟಿಯ ಔಷಧಿಯನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಆದರೆ ಚೀಟಿ ಕೇಳುವ ಅಂಗಡಿಗಳು ಎಷ್ಟಿವೆ? ಕೇಳಿದರೆ ಜಗಳಕ್ಕೆ ನಿಲ್ಲದ ಗಿರಾಕಿಗಳಾದರೂ ಎಷ್ಟಿದ್ದಾರೆ?

'ಡಾಕ್ಟರ ಫೀಸಿಗೆ ಬಡವರು ಎಲ್ಲಿಂದ ತರಬೇಕು?' ಎನ್ನುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಒಂದು ದಿನದ ಕೂಲಿ ಹೋಗುತ್ತದೆ. ಜ್ವರಕ್ಕೆ ಮಾತ್ರೆ ನುಂಗಿ ಕೆಲಸಕ್ಕೆ ಹೋಗುವ ಕೂಲಿಯವನ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಈ ಟ್ಯೂಬಿಗೆ ಆ ನೆಪವೂ ಇಲ್ಲ. ಕಪ್ಪು ಬಣ್ಣ ಯಾವ ಕಾಯಿಲೆ? ಇಲ್ಲದ ಕಾಯಿಲೆಗೆ ಔಷಧಿ ಹಚ್ಚಿ ಇರುವ ಆರೋಗ್ಯವನ್ನು ಕಳೆದುಕೊಳ್ಳುವುದು ಬಡತನವಲ್ಲ, ಹೆಣ್ಣಿನ ಮೇಲೆ ನಾವು ಹೇರಿದ ಶಿಕ್ಷೆ.

ಈಗಾಗಲೇ ಹಚ್ಚುತ್ತಿರುವವರು ಹೆದರಿ ಸುಮ್ಮನಾಗದೆ ಆ ಟ್ಯೂಬನ್ನೇ ಕೈಯಲ್ಲಿ ಹಿಡಿದು ಚರ್ಮರೋಗ ತಜ್ಞರ ಬಳಿ ಹೋಗಲಿ. ಬಿಡಿಸುವ ಕ್ರಮ ಅವರಿಗೆ ಗೊತ್ತಿದೆ. ಇನ್ನು 'ಹುಡುಗಿ ಸ್ವಲ್ಪ ಕಪ್ಪು' ಎಂದು ಚಹಾ ಕುಡಿದು ಎದ್ದುಹೋಗುವ ಗಂಡಿನ ಕಡೆಯವರ ಕಾಯಿಲೆ. ಅದಕ್ಕೆ ಯಾವ ಅಂಗಡಿಯಲ್ಲೂ ಮದ್ದಿಲ್ಲ. ಅದನ್ನು ನಮ್ಮ ನಮ್ಮ ಮನೆಗಳಲ್ಲೇ ವಾಸಿ ಮಾಡಬೇಕು.